ಗಂಡಾದರೂ ನಂಜು, ಹೆಣ್ಣಾದರೂ ನಂಜು

ನನ್ನದು ಮೈಸೂರಿನಲ್ಲಿ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಬಿಲ್ ಬುಕ್, ಕರಪತ್ರ, ವಿಸಿಟಿಂಗ್ ಕಾರ್ಡ್ ಎಲ್ಲವನ್ನೂ ಮಾಡುತ್ತೇವೆ. ಆದರೆ ಹೊಟ್ಟೆ ತುಂಬಿಸುವುದು ಲಗ್ನಪತ್ರಿಕೆ. ಬೆಳಗ್ಗೆ ಬಾಗಿಲು ತೆಗೆದರೆ ರಾತ್ರಿ ಹಾಕುವ ತನಕ ಕಣ್ಣಿಗೆ ಬೀಳುವುದು ಜನರ ಹೆಸರುಗಳೇ. ಬೇರೆಯವರು ಪತ್ರಿಕೆ ಕೈಗೆ ಬಂದ ಕೂಡಲೇ ಛತ್ರ ಯಾವುದು, ಮುಹೂರ್ತ ಎಷ್ಟೊತ್ತಿಗೆ ಅಂತ ನೋಡುತ್ತಾರೆ. ನಾನು ಹೆಸರು ಓದುತ್ತೇನೆ. ಒಂದು ಒತ್ತು ತಪ್ಪಿದರೂ ಅಷ್ಟೂ ಕಾರ್ಡ್ ವಾಪಸ್ ಬರುತ್ತವೆ, ಅದಕ್ಕೆ.

ನಂಜನಗೂಡು, ಟಿ. ನರಸೀಪುರ ಕಡೆಯ ಒಂದು ಲಗ್ನಪತ್ರಿಕೆಯನ್ನು ಮೇಲಿಂದ ಕೆಳಗೆ ಓದಿಕೊಂಡು ಬನ್ನಿ. ತುದಿಯಲ್ಲಿ ಕೆಂಪಕ್ಷರದಲ್ಲಿ 'ಶ್ರೀ ನಂಜುಂಡೇಶ್ವರ ಪ್ರಸನ್ನ'. ಕೆಳಗೆ ಅಜ್ಜ ಅಜ್ಜಿ: ದಿ. ನಂಜಪ್ಪನವರು, ಶ್ರೀಮತಿ ನಂಜಮ್ಮನವರು. ಅದರ ಕೆಳಗೆ ಅಪ್ಪ ಅಮ್ಮ: ಮಹದೇವ, ಸುಮಿತ್ರ. ಆಮೇಲೆ ದೊಡ್ಡಕ್ಷರದಲ್ಲಿ ಹುಡುಗ ಹುಡುಗಿ: ರಕ್ಷಿತ್, ಸ್ಪಂದನ. ಕೊನೆಗೆ ಮೂಲೆಯಲ್ಲಿ, 'ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ' ಅಂತ ಸಣ್ಣಕ್ಷರದಲ್ಲಿ ಕರೆಯುವ ಪುಟಾಣಿಗಳು: ವಿಹಾನ್, ಶನಾಯ. ಮೇಲೆ ಇದ್ದ ನಂಜುಂಡ ಎರಡನೇ ಸಾಲಿಗೇ ಸುಸ್ತಾಗಿ ಕೂತುಬಿಟ್ಟಿರುತ್ತಾನೆ. ಮೇಲೆ ಪ್ರಸನ್ನ, ಕೆಳಗೆ ನಾಪತ್ತೆ.

ಈಗ ನಂಜ ಅಂತ ಶುರುವಾಗುವ ಹೆಸರನ್ನು ನಾನು ಜಾಸ್ತಿ ಟೈಪ್ ಮಾಡುವುದು ತಿಥಿ ಕಾರ್ಡಿಗೆ. ಹೇಳೋಕೆ ಬೇಜಾರು. ಆದರೆ ನಿಜ.

ವಿಷಯಕ್ಕೆ ಬರುತ್ತೇನೆ. ನನ್ನ ಮಗಳು ಬೆಂಗಳೂರಿನಲ್ಲಿದ್ದಾಳೆ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್. ಅವಳಿಗೀಗ ಏಳು ತಿಂಗಳು. ಮೊನ್ನೆ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದಳು. ಮಗು ಹುಟ್ಟೋಕೆ ಮುಂಚೆಯೇ ಹೆಸರು ಗೊತ್ತುಮಾಡಬೇಕಂತೆ. ಗಂಡಾದರೂ ಹೆಣ್ಣಾದರೂ ಅದೇ ಹೆಸರಂತೆ. ಅಳಿಯ ಅದಕ್ಕೆ ಇನ್ನೊಂದು ಸೇರಿಸಿದ: ದೇವರ ಹೆಸರಾಗಿರಬೇಕು, ಇಲ್ಲದಿದ್ದರೆ ಅವನ ಅಮ್ಮ ಒಪ್ಪಲ್ಲ. ಕೆಳಗೆ ಒಂದು ಪಟ್ಟಿ. ಶ್ರೀ, ಸಾಯಿ, ಆರ್ಯ, ಜ್ಯೋತಿ, ಕಿರಣ್, ಹೀಗೆ.

ಮಗಳ ಮೊದಲನೇ ಮಾತು ನನಗೆ ತುಂಬಾ ಹಿಡಿಸಿತು, ಅದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆ ಹೆಣ್ಣುಮಗುವಿನ ಹೆಸರಲ್ಲೇ ಅಪ್ಪ ಅಮ್ಮನ ಬೇಜಾರು ಕಾಣುತ್ತಿತ್ತು. ಮೇಲಿಂದ ಮೇಲೆ ಹೆಣ್ಣು ಹುಟ್ಟಿದರೆ 'ಇನ್ನು ಸಾಕು' ಅಂತ ಸಾಕಮ್ಮ ಅಂತ ಹೆಸರಿಡುತ್ತಿದ್ದರು. ಆ ಸಾಕಮ್ಮಂದಿರ ಹೆಸರನ್ನೂ ನಾನು ಕಂಪೋಸ್ ಮಾಡಿದ್ದೇನೆ. ಅದು ಹಳೇ ಕಾಲ ಅನ್ನೋಣ ಅಂದರೆ, 2023ರಲ್ಲಿ ಮಂಡ್ಯದ ಕಡೆ ಆಲೆಮನೆಯೊಳಗೆ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಹೊಟ್ಟೆಯಲ್ಲಿರೋದು ಹೆಣ್ಣಾ ಗಂಡಾ ಅಂತ ನೋಡುತ್ತಿದ್ದ ಜಾಲ ಸಿಕ್ಕಿಬಿತ್ತು. ಬೆಲ್ಲ ಕಾಯಿಸುವ ಜಾಗದಲ್ಲಿ! ಭ್ರೂಣಲಿಂಗ ಪತ್ತೆ ಮಾಡಬಾರದು ಅಂತ ಕಾನೂನು ಬಂದಿದ್ದು 1994ರಲ್ಲಿ. ಪ್ರತಿ ಸ್ಕ್ಯಾನಿಂಗ್ ಸೆಂಟರಿನಲ್ಲೂ ಬೋರ್ಡ್ ಇದೆ. ಆದರೂ ಹೀಗೆ. ಅಂಥದ್ದರಲ್ಲಿ ನನ್ನ ಮಗಳು 'ಯಾವುದಾದ್ರೂ ಸರಿ, ಹೆಸರು ರೆಡಿ ಇರಲಿ' ಅಂದಾಗ ಖುಷಿಯಾಯಿತು.

ಬೇಜಾರಾಗಿದ್ದು ಪಟ್ಟಿ ನೋಡಿ. ಶ್ರೀ ಅನ್ನೋದನ್ನೇ ತೆಗೆದುಕೊಳ್ಳಿ. ಅದು ಎಲ್ಲರ ಹೆಸರಿನ ಮುಂದೆ ನಾನು ದಿನಾ ಹಾಕುವ ಅಕ್ಷರ. ನಾಳೆ ಹುಡುಗ ದೊಡ್ಡವನಾದರೆ 'ಶ್ರೀ ಶ್ರೀ' ಅಂತ ಅಚ್ಚು ಮಾಡಬೇಕು, ಮಠದ ಸ್ವಾಮಿಗಳ ಹಾಗೆ. ಹುಡುಗಿಯಾದರೆ 'ಶ್ರೀಮತಿ ಶ್ರೀ'. ಪ್ರೂಫ್ ನೋಡಿದವರು ಪ್ರೆಸ್ಸಿನವನದೇ ತಪ್ಪು ಅನ್ನುತ್ತಾರೆ. ಸಾಯಿ ಚೆನ್ನಾಗಿದೆ, ಭಕ್ತಿ ಇರುವವರು ಇಡಲಿ. ನಮ್ಮ ಮನೆಯಲ್ಲಿ ಶಿರಡಿಗೆ ಹೋದವರು ಯಾರೂ ಇಲ್ಲ. ಆರ್ಯ ಬಗ್ಗೆ ಮಾತಾಡಿದರೆ ಜಗಳ ಆಗುತ್ತೆ, ಬಿಡಿ.

ನಾನು ಕೆಳಗೆ ಒಂದೇ ಮಾತು ಬರೆದೆ: 'ನಂಜು'.

ಸ್ವಲ್ಪ ಹೊತ್ತು ಯಾರೂ ಏನೂ ಹೇಳಲಿಲ್ಲ. ಆಮೇಲೆ ಮಗಳು ನಗುವ ಮುಖ ಹಾಕಿದಳು. ತಮಾಷೆ ಅಂದುಕೊಂಡಿದ್ದಳು. ನಾನು 'ಸೀರಿಯಸ್ಸಾಗಿ ಹೇಳ್ತಿದೀನಿ' ಅಂತ ಬರೆದ ಮೇಲೆ ಫೋನೇ ಬಂತು. "ಅಪ್ಪಾ, ಹುಡುಕಿ ನೋಡಿದ್ರೆ ಮೊದಲು ವಿಷ ಅಂತ ಬರುತ್ತೆ. ಗಾಯ ಕೀವಾದ್ರೂ ನಂಜಾಯ್ತು ಅಂತಾರೆ. ಮಗೂಗೆ ಇಡೋ ಹೆಸರಾ ಅದು?"

ಇದು ಹೊಸ ಆಕ್ಷೇಪವೇನಲ್ಲ. ಸ್ಕೂಲಲ್ಲಿ ಮಕ್ಕಳು ರೇಗಿಸುತ್ತಾರೆ ಅನ್ನೋದೂ ನಿಜವೇ. ರೇಗಿಸದ ಹೆಸರು ಯಾವುದಿದೆ ಹೇಳಿ. ಆದರೆ ವಿಷ ಕುಡಿದ ಕಥೆಯನ್ನು ಅರ್ಧ ಹೇಳಿ ನಿಲ್ಲಿಸಿದರೆ ಮಾತ್ರ ಅದು ಗಂಡಸಿನ ಹೆಸರು, ವಿಷದ ಹೆಸರು. ಸಮುದ್ರ ಕಡೆದಾಗ ಹಾಲಾಹಲ ಬಂತು, ಶಿವ ಕುಡಿದ, ನಂಜು ಉಂಡು ನಂಜುಂಡ ಆದ. ಸರಿ. ಅದು ಹೊಟ್ಟೆಗೆ ಇಳಿಯದ ಹಾಗೆ ಗಂಟಲು ಹಿಡಿದವಳು ಯಾರು? ಪಾರ್ವತಿ. ಅವಳು ಹಿಡಿಯದೇ ಇದ್ದಿದ್ದರೆ ನಂಜನಗೂಡೂ ಇರುತ್ತಿರಲಿಲ್ಲ, ಜಾತ್ರೆಯೂ ಇರುತ್ತಿರಲಿಲ್ಲ. ಕುಡಿದವನು ಅವನು, ತಡೆದವಳು ಅವಳು. ಹೆಸರು ಇಬ್ಬರಿಗೂ ಸೇರಬೇಕಾದ್ದೇ ನ್ಯಾಯ. ನಮ್ಮ ಹಿರಿಯರು ಇಷ್ಟೆಲ್ಲ ಲೆಕ್ಕ ಹಾಕಿ ಹೆಸರಿಟ್ಟರು ಅಂತ ನಾನು ಹೇಳುವುದಿಲ್ಲ. ಆದರೆ ಇಟ್ಟಿದ್ದಂತೂ ಇಬ್ಬರಿಗೂ.

ಮೈಸೂರಿನಿಂದ ನಂಜನಗೂಡು ಇಪ್ಪತ್ತೈದು ಕಿಲೋಮೀಟರ್ ಒಳಗೇ. ನಮ್ಮ ಊರು ಅಲ್ಲಿಂದ ಇನ್ನೂ ಸ್ವಲ್ಪ ಮುಂದೆ. ನನಗೆ ಆ ದೇವಸ್ಥಾನ ಅಂದರೆ ಮೊದಲು ನೆನಪಾಗುವುದು ಕಪಿಲೆಯ ಸೋಪಾನಕಟ್ಟೆ. ಅಲ್ಲಿ ಮುಡಿ ಕೊಟ್ಟು ಬೋಳುತಲೆಗೆ ಗಂಧ ಬಳಿದುಕೊಂಡ ಮಕ್ಕಳು ಸಾಲಾಗಿ ಕೂತಿರುತ್ತಾರೆ. ಗಂಡು ಯಾವುದು ಹೆಣ್ಣು ಯಾವುದು ಅಂತ ತಕ್ಷಣ ಗೊತ್ತಾಗುವುದಿಲ್ಲ. ದೊಡ್ಡ ಜಾತ್ರೆಯ ದಿನ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಐದು ತೇರು ಎಳೆಯುತ್ತಾರೆ: ಗಣಪತಿ, ಶ್ರೀಕಂಠೇಶ್ವರ (ಅದೇ ನಮ್ಮ ನಂಜುಂಡ), ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ. ಆ ಗದ್ದಲದಲ್ಲಿ ಯಾರಾದರೂ ತಮ್ಮ ಮಗು ಕಾಣದೆ "ನಂಜೂ..." ಅಂತ ಕೂಗಿದರೆ ನೋಡಬೇಕು. ಮುದುಕಪ್ಪ ತಿರುಗಿ ನೋಡುತ್ತಾನೆ. ಬಳೆ ಅಂಗಡಿ ಮುಂದೆ ನಿಂತ ಹುಡುಗಿ ತಿರುಗಿ ನೋಡುತ್ತಾಳೆ. ಕಡ್ಲೆಪುರಿ ಮಾರುವವನೂ ತಲೆ ಎತ್ತುತ್ತಾನೆ. ಒಂದೇ ಕೂಗಿಗೆ ಅಷ್ಟು ಜನ ಓಗೊಡುವ ಹೆಸರು ಬೇರೆ ಯಾವುದಿದೆ?

ಆ ದೇವರನ್ನು ಹಕೀಂ ನಂಜುಂಡ ಅಂತಲೂ ಕರೆಯುತ್ತಾರೆ. ಹಕೀಂ ಅಂದರೆ ವೈದ್ಯ. ಟಿಪ್ಪು ಸುಲ್ತಾನನ ಪಟ್ಟದಾನೆಗೆ ಕಣ್ಣು ಹೋಗಿತ್ತಂತೆ. ಇಲ್ಲಿ ಪೂಜೆ ಮಾಡಿಸಿದ ಮೇಲೆ ವಾಸಿಯಾಯಿತಂತೆ. ಆಗ ಸುಲ್ತಾನ ದೇವರಿಗೇ ಹಕೀಂ ಅಂತ ಹೆಸರು ಕೊಟ್ಟ, ಪಚ್ಚೆ ಲಿಂಗ ಒಪ್ಪಿಸಿದ ಅಂತ ಹೇಳುತ್ತಾರೆ. ಕಾಯಿಲೆ ವಾಸಿ ಮಾಡುವ ದೇವರು ಅನ್ನುವುದು ಜನರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಜ್ವರ ಬಂದ ಮಗುವಿನ ತಲೆ ಮೇಲೆ ಕೈಯಿಟ್ಟು, 'ಬದುಕಿಸಿಕೊಡಪ್ಪ, ನಿನ್ನ ಹೆಸರಿಡ್ತೀನಿ' ಅಂತ ಹರಕೆ ಹೊರುತ್ತಿದ್ದರು. ಹರಕೆ ಹೊರುವಾಗ ಮಗು ಗಂಡೋ ಹೆಣ್ಣೋ ಅಂತ ಯಾರೂ ಯೋಚಿಸುತ್ತಿರಲಿಲ್ಲ. ವಾಸಿಯಾದರೆ ನಂಜ ಅಂತಲೋ ನಂಜಿ ಅಂತಲೋ ಬರುತ್ತಿತ್ತು. ನಮ್ಮಕ್ಕನಿಗೆ ಮೊದಲ ಮಗು ಉಳಿಯಲಿಲ್ಲ. ಎರಡನೆಯದು ಹೊಟ್ಟೆಯಲ್ಲಿರುವಾಗಲೇ ನಮ್ಮಮ್ಮ ದೇವರಿಗೆ ಹೇಳಿಕೊಂಡಿದ್ದಳು. ಅವಳೇ ಈಗಿನ ನಂಜಮಣಿ, ನಮ್ಮ ಇಡೀ ಕುಟುಂಬದಲ್ಲಿ ಜೋರಾಗಿ ಮಾತಾಡುವವಳು.

ನಮ್ಮಪ್ಪ ನಂಜೇಗೌಡ. ಅಮ್ಮ ನಂಜಮ್ಮ. ಇಬ್ಬರೂ ಹುಟ್ಟಿದಾಗ ಇಟ್ಟ ಹೆಸರುಗಳೇ, ಮದುವೆಗೋಸ್ಕರ ಬದಲಾಯಿಸಿದ್ದಲ್ಲ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅನ್ನುವ ಕಾಲದವಳು ನಮ್ಮಮ್ಮ. ಅದಕ್ಕೇ ಅವಳಿಗೆ ತನ್ನ ಹೆಸರು ಹೇಳೋಕೂ ಕಷ್ಟ. ಒಮ್ಮೆ ಜನಗಣತಿಯ ಮೇಷ್ಟ್ರು ಮನೆಗೆ ಬಂದಿದ್ದರು. ಅಪ್ಪ ಗದ್ದೆಗೆ ಹೋಗಿದ್ದ. ನಾನು ಜಗುಲಿ ಮೇಲೆ ಕೂತು ನೋಡುತ್ತಿದ್ದೆ.

"ಯಜಮಾನರ ಹೆಸರೇನಮ್ಮ?"

"ನನ್ನ ಹೆಸರೇಯ."

"ನಿಮ್ಮ ಹೆಸರೇನು?"

"ಅವರ ಹೆಸರೇಯ."

ಮೇಷ್ಟ್ರು ಪೆನ್ನಿನ ಕ್ಯಾಪ್ ಹಾಕಿ, ತೆಗೆದು, ಮತ್ತೆ ಹಾಕಿದರು. ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಕೊನೆಗೆ ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ ನಂಜನಗೂಡಿನ ಹಲ್ಲುಪುಡಿಯ ಪೊಟ್ಟಣದ ಪಕ್ಕ ಕ್ಯಾಲೆಂಡರ್ ತೂಗುಹಾಕಿತ್ತು. ಅದರಲ್ಲಿ ಶ್ರೀಕಂಠೇಶ್ವರನ ಪಟ. ಮೇಷ್ಟ್ರಿಗೆ ಅರ್ಥವಾಯಿತು. ಒಂದು ಸಾಲಿನಲ್ಲಿ ಗೌಡ ಸೇರಿಸಿ ಬರೆದರು, ಇನ್ನೊಂದರಲ್ಲಿ ಅಮ್ಮ ಸೇರಿಸಿದರು, ಕಾಫಿ ಕುಡಿದು ಹೋದರು.

ಈ ಗೌಡ, ಅಮ್ಮ ಅನ್ನುವ ಬಾಲದ ವಿಷಯವೇ ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿದ್ದು. ನಾನು ಕೆಲಸ ಕಲಿತದ್ದು ಟ್ರೆಡಲ್ ಮೆಷಿನ್ ಕಾಲದಲ್ಲಿ. ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರ, ಒಂದೊಂದೇ ತೆಗೆದು ಜೋಡಿಸಬೇಕಿತ್ತು. ಆಗ ನಮ್ಮ ಯಜಮಾನರು ಮದುವೆ ಸೀಸನ್ ಶುರುವಾಗುವ ಮೊದಲೇ 'ನಂಜ' ಅಂತ ಒಂದಷ್ಟು ಜೋಡಿಸಿ ದಾರ ಕಟ್ಟಿ ಇಡಿಸುತ್ತಿದ್ದರು. ಗಿರಾಕಿ ಬಂದ ಮೇಲೆ ಮುಂದಿನದ್ದು ಸೇರಿಸಿದರೆ ಆಯಿತು. ಅಯ್ಯ ಸೇರಿಸು, ಅಪ್ಪ ಸೇರಿಸು, ಗೌಡ ಸೇರಿಸು, ಶೆಟ್ಟಿ ಸೇರಿಸು, ಅಮ್ಮ ಸೇರಿಸು, ಮಣಿ ಸೇರಿಸು. ಕೆಲಸ ಹಗುರ. ಹಾಗೆ ಜೋಡಿಸುತ್ತಾ ಜೋಡಿಸುತ್ತಾ ನನಗೆ ಒಂದು ಗೊತ್ತಾಯಿತು. ಮನುಷ್ಯ ಗಂಡೋ ಹೆಣ್ಣೋ, ಯಾವ ಜಾತಿ, ಊರಲ್ಲಿ ಎಷ್ಟು ಮರ್ಯಾದೆ, ಎಲ್ಲ ಇರೋದು ಬಾಲದಲ್ಲಿ. ದಾರ ಕಟ್ಟಿಟ್ಟ ಮುಂದಿನ ತುಂಡು ಎಲ್ಲರಿಗೂ ಒಂದೇ. ಬ್ರಾಹ್ಮಣರ ನಂಜುಂಡಯ್ಯನಿಗೂ ಅದೇ, ಲಿಂಗಾಯತರ ನಂಜಪ್ಪನಿಗೂ ಅದೇ, ನಮ್ಮಪ್ಪನಿಗೂ ಅದೇ, ಹೊಲಗೇರಿಯ ನಂಜನಿಗೂ ಅದೇ. ಬಾಲ ತೆಗೆದರೆ ಉಳಿಯುವುದು ದೇವರು ಮಾತ್ರ. ನಂಜು ಅಂತ ಅಷ್ಟಕ್ಕೇ ನಿಲ್ಲಿಸಿದರೆ ಅದು ಯಾರ ಹೆಸರು ಅಂತ ಹೇಳೋಕೆ ಆಗಲ್ಲ. ನನ್ನ ಮಗಳು ಹುಡುಕುತ್ತಿರುವುದು ಅದನ್ನೇ ಅಲ್ವಾ?

ಆದರೆ ಇಲ್ಲಿ ಒಂದು ಕಲ್ಲು ಕಾಲಿಗೆ ಸಿಗುತ್ತೆ. ಅದನ್ನು ದಾಟಿಕೊಂಡು ಹೋಗೋಕೆ ನನಗೆ ಮನಸ್ಸಿಲ್ಲ.

ಕಳೆದ ಬೇಸಿಗೆಯಲ್ಲಿ ಒಬ್ಬ ಹುಡುಗ ಮಗನ ನಾಮಕರಣದ ಕಾರ್ಡ್ ಮಾಡಿಸೋಕೆ ಬಂದಿದ್ದ. ಒಳ್ಳೇ ಕೆಲಸದಲ್ಲಿರುವವನು, ಮಾತು ಮೃದು. ಅಜ್ಜನ ಹೆಸರಿನ ಜಾಗದಲ್ಲಿ ನಂಜಯ್ಯ ಅಂತ ಬರೆದುಕೊಂಡು ಬಂದಿದ್ದ. ನನಗೆ ಬಾಯಿ ಸುಮ್ಮನಿರಲ್ಲ. "ಮಗೂಗೂ ತಾತನ ಹೆಸರೇ ಇಡಬಹುದಿತ್ತಲ್ಲಪ್ಪ, ಈಗ ಯಾರೂ ಇಡೋದೇ ಇಲ್ಲ" ಅಂದೆ. ಅವನು ಆಲ್ಬಂ ತಿರುವಿ ಹಾಕುತ್ತಿದ್ದ ಕೈ ನಿಲ್ಲಿಸಿದ. "ಸಾರ್, ತಾತನಿಗೆ ಅಯ್ಯ ಇದ್ದದ್ದು ರೇಷನ್ ಕಾರ್ಡಲ್ಲಿ ಮಾತ್ರ. ಊರಲ್ಲಿ ಮೀಸೆ ಬರದ ಹುಡುಗರೂ 'ಲೋ ನಂಜ, ಬಾರ್ಲಾ ಇಲ್ಲಿ' ಅಂತಲೇ ಕರೆಯೋರು. ಅಜ್ಜೀನ ನಂಜಿ ಅನ್ನೋರು. ಆ ಕೂಗು ನನ್ನ ಮಗನ ಕಿವಿಗೆ ಬೀಳೋದು ಬೇಡ" ಅಂದ. ಮಗುವಿಗೆ ಸಿದ್ಧಾರ್ಥ ಅಂತ ಹೆಸರಿಟ್ಟಿದ್ದ.

ನಾನು ಸಿದ್ಧಾರ್ಥದ ಒತ್ತಕ್ಷರ ಸರಿಯಾಗಿ ಕೂತಿದೆಯಾ ಅಂತ ನೋಡಿ, ಪ್ರೂಫ್ ಕೊಟ್ಟೆ. ಬೇರೇನು ಹೇಳೋದು? ನಮ್ಮಪ್ಪನನ್ನು ಹೊರಗಿನವರು ಯಾರೂ ನಂಜ ಅಂತ ಕರೆದದ್ದು ನಾನು ಕೇಳಿಲ್ಲ. ಗೌಡ್ರೇ ಅನ್ನುತ್ತಿದ್ದರು. ಆ ಬಾಲ ಅವನಿಗೆ ಮಳೆಗಾಲದ ಛತ್ರಿಯ ಹಾಗಿತ್ತು, ಬಿಚ್ಚಿಕೊಂಡೇ ಓಡಾಡಿದ. ಛತ್ರಿಯೇ ಇಲ್ಲದೆ ನೆನೆದವನ ಮೊಮ್ಮಗನಿಗೆ 'ಬಾಲ ತೆಗಿ, ದೇವರು ಉಳೀತಾನೆ' ಅಂತ ನಾನು ಬುದ್ಧಿ ಹೇಳಿದರೆ ಅದು ದೊಡ್ಡಸ್ತಿಕೆ ಆಗುತ್ತೆ. ಅವನು ಇಟ್ಟ ಹೆಸರು ಸರಿ.

ಆದರೆ ನಮ್ಮಂಥವರ ಮನೆ ಲೆಕ್ಕ ಬೇರೆ. ಬಾಲ ಇದ್ದವರು ತಾನೇ ಅದನ್ನು ಬಿಡಬೇಕಾದ್ದು? ಗೌಡ, ಶೆಟ್ಟಿ, ಅಯ್ಯ ಇಲ್ಲದ ಬರೀ ನಂಜು ನಮ್ಮ ಮನೆ ಮಗುವಿಗೆ ಬಂದರೆ, ಕಂಪನಿಯಲ್ಲಿ, ವಿಮಾನದ ಟಿಕೆಟ್ಟಿನಲ್ಲಿ, ಡಾಕ್ಟರ ಬೋರ್ಡಿನಲ್ಲಿ ಅದು ಕಾಣಿಸಿದರೆ, ಆ ಕೂಗಿನ ಕೊಳೆ ಒಂದಿಷ್ಟು ಹೋಗಬಹುದು. ಹೋಗದೆಯೂ ಇರಬಹುದು. ತೊಳೆಯುವ ಕೆಲಸ ಕೊಳೆ ಮಾಡಿದವರ ಕಡೆಯಿಂದ ಶುರುವಾಗಲಿ ಅಂತ ನನ್ನ ವಾದ.

ಇದನ್ನು ಅಳಿಯನಿಗೆ ಫೋನಿನಲ್ಲಿ ಹೇಳಿದೆ. ಒಳ್ಳೇ ಹುಡುಗ, ಎದುರು ಮಾತಾಡಲ್ಲ, ಆದರೆ ದಾರಿ ತಪ್ಪಿಸುತ್ತಾನೆ. "ಮಾವ, ಅದೇ ದೇವರು ತಾನೇ? ರೆಕಾರ್ಡಲ್ಲಿ ನೀಲಕಂಠ ಅಂತ ಇಡೋಣ, ಮನೇಲಿ ನಂಜು ಅನ್ನೋಣ" ಅಂದ. ಹೆಣ್ಣಾದರೆ? "ನೀಲಾ." ನೋಡಿ, ಅಲ್ಲಿಗೆ ಒಂದು ಹೆಸರು ಎರಡಾಯಿತು. ಶ್ರೀಕಂಠ, ನೀಲಕಂಠ ಎಲ್ಲ ಗಂಡುಮಕ್ಕಳಿಗೇ ಹೊಲಿದ ಅಂಗಿ. ಹೆಣ್ಣಿಗೆ ಕೊಡಬೇಕಾದರೆ ಕತ್ತರಿಸಬೇಕು. ನಂಜುವನ್ನು ಕತ್ತರಿಸೋದೇ ಬೇಡ. ಇನ್ನೊಂದು, ಒಳಗೊಂದು ಹೊರಗೊಂದು ಹೆಸರಿಡುವ ಈ ಅಭ್ಯಾಸವೇ ನನಗೆ ಹಿಡಿಸುವುದಿಲ್ಲ. ದೇವರಿಗೆ ಅಡುಗೆಮನೆಯಲ್ಲಿ ಜಾಗ, ಹಾಲಿಗೆ ನೆಂಟರು ಬಂದರೆ ಬಾಗಿಲು ಮುಂದೆ ಮಾಡೋದು. ಜನನ ಪತ್ರದಲ್ಲಿ ಬರೆಯೋಕೆ ನಾಚಿಕೆ ಆಗುವ ಹೆಸರಾದರೆ ಮನೆಯಲ್ಲಿ ಯಾಕೆ ಕರೆಯಬೇಕು?

ಅಂದಹಾಗೆ ಜನನ ಪತ್ರಕ್ಕೆ ಹೆಸರು ಮೊದಲೇ ಬೇಕು ಅಂತೇನೂ ಇಲ್ಲ. ಹುಟ್ಟಿದ್ದನ್ನು 21 ದಿನದೊಳಗೆ ನೋಂದಣಿ ಮಾಡಿಸಿದರೆ ಸಾಕು. ಹೆಸರನ್ನು ಒಂದು ವರ್ಷದೊಳಗೆ ದುಡ್ಡು ಕಟ್ಟದೇ ಸೇರಿಸಬಹುದು. ಮಗಳಿಗೆ ಇದನ್ನೂ ಹೇಳಿದೆ. ನನಗೆ ವಾದ ಮಾಡೋಕೆ ಟೈಮ್ ಸಿಗಲಿ ಅಂತ.

ಹೆಸರು ಒಳಗೆ ಸೇರಿಕೊಳ್ಳುವುದು ಅರಮನೆಯಲ್ಲೂ ನಡೆದಿದೆ ಅಂತ ನನಗೆ ಅನಿಸುತ್ತೆ. 1894ರ ಕೊನೆಗೆ ಹತ್ತನೇ ಚಾಮರಾಜ ಒಡೆಯರು ಕಲ್ಕತ್ತದಲ್ಲಿ ತೀರಿಕೊಂಡರು. ಮಗ ಇನ್ನೂ ಚಿಕ್ಕವನು. 1895ರಿಂದ 1902ರ ತನಕ ರಾಜ್ಯ ನಡೆಸಿದವರು ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಶಿವನಸಮುದ್ರದಲ್ಲಿ ಕರೆಂಟ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ, ಅವರ ಆಳ್ವಿಕೆಯ ಕೊನೆಗೆ. ಮಾರಿಕಣಿವೆ ಅಣೆಕಟ್ಟಿನ ಕೆಲಸ ಶುರುವಾದದ್ದೂ ಅವರ ಕಾಲದಲ್ಲೇ. ಆದರೆ ಆ ಅಣೆಕಟ್ಟಿಗೆ ಬಂದ ಹೆಸರು ವಾಣಿವಿಲಾಸ ಸಾಗರ. ಮೈಸೂರಿನಲ್ಲಿ ನಮಗೆ ನೀರು ಕೊಡುವ ಕಚೇರಿಯೂ ವಾಣಿವಿಲಾಸ. ವಾಣಿವಿಲಾಸ ಸನ್ನಿಧಾನ ಅನ್ನುವುದು ಅವರ ಬಿರುದು. ಕಡತದಲ್ಲಿ, ಕಲ್ಲಿನಲ್ಲಿ, ಜನರ ಬಾಯಲ್ಲಿ ಬಿರುದೇ ಉಳಿಯಿತು. ನಮ್ಮ ಅಂಗಡಿಯ ಹುಡುಗನನ್ನು ಕೇಳಿದೆ, "ವಾಣಿವಿಲಾಸ ಅಂದ್ರೆ ಯಾರೋ?" ಅಂತ. "ನೀರಿನ ಬಿಲ್ ಕೊಡೋರು" ಅಂದ. ಅವನ ಅಜ್ಜಿಯ ಹೆಸರೂ ನಂಜಮ್ಮಣ್ಣಿ!

ಅದೇ ಒಡೆಯರ ಮನೆತನದಲ್ಲಿ 1766ರಿಂದ 1770ರವರೆಗೆ ಒಬ್ಬ ನಂಜರಾಜ ಒಡೆಯರಿದ್ದರು. 1953ರಲ್ಲಿ ಹುಟ್ಟಿದ ಕುಮಾರನಿಗೆ ಇಟ್ಟ ಹೆಸರು ಶ್ರೀಕಂಠದತ್ತ. ದೇವರು ಅದೇ, ನಂಜನಗೂಡಿನವನೇ. ನಂಜ ಹೋಗಿ ಶ್ರೀಕಂಠ ಬಂದಿತ್ತು. ದೊಡ್ಡಮನೆಯಲ್ಲಿ ಆದದ್ದು ನಿಧಾನವಾಗಿ ಹಟ್ಟಿಗೂ ಬರುತ್ತೆ. ನಮ್ಮ ಪ್ರೆಸ್ಸಿಗೆ ಬಂದೇಬಿಟ್ಟಿದೆ.

'ಹಳ್ಳಿ ಹೆಸರು' ಅಂತ ನನ್ನ ಹೆಂಡತಿಯ ತಕರಾರು. ಅವಳು ಹುಟ್ಟಿ ಬೆಳೆದದ್ದು ಮೈಸೂರಿನ ಅಗ್ರಹಾರದ ಹತ್ತಿರ, ಅದರ ಜಂಬ ಸ್ವಲ್ಪ ಇದೆ. ನಾನು ಪ್ರೊಫೆಸರ್ ನಂಜುಂಡಸ್ವಾಮಿಯವರ ಹೆಸರು ಹೇಳಿದೆ. ಹಸಿರು ಟವೆಲ್ ಹೆಗಲ ಮೇಲೆ ಹಾಕಿ ರೈತರನ್ನು ವಿಧಾನಸೌಧದ ಮುಂದೆ ನಿಲ್ಲಿಸಿದವರು. ಕಾನೂನು ಓದಿದವರು. 2004ರಲ್ಲಿ ಅವರು ತೀರಿಕೊಳ್ಳುವ ತನಕ ಆ ಹೆಸರು ಕೇಳಿ ಮಂತ್ರಿಗಳು ನಕ್ಕಿರಲಿಕ್ಕಿಲ್ಲ. ಅವಳು "ಅವರು ಪ್ರೊಫೆಸರ್ ಅಂತಲೇ ಎಲ್ಲರಿಗೂ ಗೊತ್ತು, ನಂಜು ಅಂತಲ್ಲ" ಅಂದಳು. ಅದೂ ಸರಿಯೇ. ಈ ಮನೆಯಲ್ಲಿ ವಾದ ಗೆಲ್ಲೋದು ಸುಲಭವಲ್ಲ.

ಹೆಣ್ಣುಮಗುವಾದರೆ ಮುದ್ದಾದ ಹೆಸರು ಬೇಡವಾ ಅಂತ ಅವಳ ಇನ್ನೊಂದು ಪ್ರಶ್ನೆ. ನಂಜು ಮುದ್ದಾಗಿಲ್ಲ ಅಂತ ಯಾರು ಹೇಳಿದ್ದು? ಒಂದು ಸಲ ಜೋರಾಗಿ ಕೂಗಿ ನೋಡಿ. ಕೊನೆಯ ಉಕಾರವನ್ನು ಎಷ್ಟು ಬೇಕಾದರೂ ಎಳೆಯಬಹುದು. ಮೂರನೇ ಮಹಡಿಯಿಂದ ಕೂಗಿದರೂ ಗೇಟಿನ ತನಕ ಕೇಳುತ್ತೆ. ವಿಹಾನ್ ಅಂತ ಕೂಗಿ, ನ್ ಹತ್ತಿರ ಬಾಯಿ ಮುಚ್ಚಿಹೋಗುತ್ತೆ. ಹೆಸರು ಇರೋದು ಕರೆಯೋಕೆ. ಫಾರಂ ತುಂಬೋದು ಆಮೇಲಿನ ಮಾತು. ಫಾರಮ್ಮಿನಲ್ಲಿ ಗಂಡು ಹೆಣ್ಣು ಅಂತ ಬರೆಯೋಕೆ ಬೇರೆ ಮನೆಯೇ ಇದೆಯಲ್ಲ, ಹೆಸರಿಗೆ ಯಾಕೆ ಆ ಕೆಲಸ?

ಇಷ್ಟು ಹೊತ್ತಿಗೆ ಮಗಳು ಸ್ವಲ್ಪ ಮೆತ್ತಗಾಗಿದ್ದಳು. "ಅಪ್ಪಾ, ಇಂಗ್ಲಿಷಿನಲ್ಲಿ ಬರೆದರೆ ಐದೇ ಅಕ್ಷರ, ಪರವಾಗಿಲ್ಲ" ಅಂದಳು. ನಕ್ಷತ್ರ ನೋಡಿ ಅಕ್ಷರ ಬಂದರೆ ಏನು ಮಾಡೋದು ಅಂತ ಕೇಳಿದಳು. ಅನುರಾಧ ಆದರೆ ನ ನಿ ನು ನೆ ಬರುತ್ತೆ, ಸರಿಹೋಯಿತು ಅಂದೆ. ಬೇರೆ ನಕ್ಷತ್ರವಾದರೆ ಆ ಅಕ್ಷರದ ಹೆಸರನ್ನು ತೊಟ್ಟಿಲ ಹತ್ತಿರ ಕಿವಿಯಲ್ಲಿ ಹೇಳಿ ಮುಗಿಸೋಣ, ನಮ್ಮಜ್ಜಿ ಅಕ್ಷರ ನೋಡಿ ಹೆಸರಿಟ್ಟವಳಲ್ಲ. ಗೆದ್ದೆ ಅಂದುಕೊಂಡು ಆವತ್ತು ಎರಡು ರಸಬಾಳೆ ಜಾಸ್ತಿ ತಿಂದೆ.

ಆಮೇಲೆ ಬೀಗಿತ್ತಿಯ ಫೋನ್ ಬಂತು. ಅವರದು ಪಾಂಡವಪುರದ ಕಡೆ, ಮೇಲುಕೋಟೆಗೆ ಹತ್ತಿರ. ವೈರಮುಡಿಗೆ ತಪ್ಪದೇ ಹೋಗುವ ಮನೆ. ನನ್ನ ವಾದವನ್ನೆಲ್ಲ ಮಗ ಅವರಿಗೆ ಸಾಲು ಬಿಡದೆ ಒಪ್ಪಿಸಿದ್ದ.

"ಬೀಗ್ರೇ, ನೀವು ಹೇಳಿದ್ದು ನ್ಯಾಯವಾಗೇ ಇದೆ" ಅಂದರು. "ಒಂದೇ ಹೆಸರು, ಬಾಲ ಬೇಡ, ಮನೆದೇವರದ್ದಾಗಿರಲಿ, ಕನ್ನಡದ್ದಾಗಿರಲಿ. ಎಲ್ಲಾ ಒಪ್ಪಿದೆ. ಆದರೆ ಮಗು ನಮ್ಮನೇದು, ನಮ್ಮನೆ ದೇವರು ಚೆಲುವನಾರಾಯಣ. ನಮ್ಮ ಮಾವ ಚೆಲುವೇಗೌಡ್ರು, ನಮ್ಮತ್ತೆ ಚೆಲುವಮ್ಮ. ಗಂಡಾದ್ರೂ ಚೆಲುವು ಅನ್ನೋಣ, ಹೆಣ್ಣಾದ್ರೂ ಚೆಲುವು ಅನ್ನೋಣ. ಕೂಗೋಕೂ ಚೆನ್ನಾಗಿದೆ. ಹುಡುಕಿ ನೋಡಿದ್ರೂ ವಿಷ ಅಂತ ಬರಲ್ಲ."

ನಾನು ಮಾತಿಗೆ ಹುಡುಕಾಡಿದೆ. ನನ್ನ ಮೊಳೆಗಳನ್ನೇ ತೆಗೆದು ಅವರು ಬೇರೆ ಹೆಸರು ಜೋಡಿಸಿಬಿಟ್ಟಿದ್ದರು. "ಯೋಚನೆ ಮಾಡೋಣ ಬಿಡಿ, ಇನ್ನೂ ಎರಡು ತಿಂಗಳಿದೆ" ಅಂದೆ. ಪಕ್ಕದಲ್ಲಿ ನನ್ನ ಹೆಂಡತಿ ಸ್ಪೀಕರ್‌ನಲ್ಲಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವಳು ಆಗಲೇ ಆ ಕಡೆ ಸೇರಿಕೊಂಡಿದ್ದಾಳೆ. ಇನ್ನು ಮಗಳೊಬ್ಬಳನ್ನು ಹಿಡಿದುಕೊಳ್ಳಬೇಕು. ಭಾನುವಾರ ಬೆಂಗಳೂರಿಗೆ ಹೋಗುವವನಿದ್ದೇನೆ, ಒಂದು ಚಿಪ್ಪು ರಸಬಾಳೆ ಕಟ್ಟಿಸಿಕೊಂಡು.